ಮಂಜು ಕುಡಿಯುವ ಹುಲ್ಲು

ಬೆಳಕು ಹರಿಯುವ ಹೊತ್ತಿಗೆ ಹೊನ್ನೂರುಪಾಳ್ಯ ಕಂಟ್ರಿ ಕ್ಲಬ್ಬಿನ ಗಾಲ್ಫ್ ಮೈದಾನ ತನ್ನಷ್ಟಕ್ಕೆ ನೀರು ಕುಡಿಯುತ್ತಿತ್ತು. ಪೈಪಿಲ್ಲ, ಪಂಪಿಲ್ಲ, ಬೋರ್‌ವೆಲ್‌ಗಳು ಬತ್ತಿ ಒಂದು ತಲೆಮಾರೇ ಕಳೆದಿತ್ತು. ಸಸ್ಯವಿಜ್ಞಾನಿ ಡಾ. ಇಂದುಶ್ರೀ ರೂಪಿಸಿದ ಈ ಹುಲ್ಲಿನ ಗರಿಗಳ ಮೇಲೆ ಕಣ್ಣಿಗೆ ಕಾಣದ ರೋಮಗಳಿದ್ದವು. ರಾತ್ರಿ ಅವು ಗಾಳಿಗಿಂತ ಹೆಚ್ಚು ತಣ್ಣಗಾಗಿ, ಗಾಳಿಯಲ್ಲಿನ ತೇವವನ್ನು ಹನಿಯಾಗಿಸಿ ಬೇರಿಗೆ ಇಳಿಸುತ್ತಿದ್ದವು. ಹಿಂದೆ ಚಿನ್ನದ ಗಣಿಯ ಬಿಳಿ ಸಾಹೇಬರು ಇಲ್ಲಿ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳಿನ ಮೇಲೆ ಚೆಂಡು ಉರುಳಿಸಿ ಸುಖವಾಗಿದ್ದರಂತೆ. ಈಗಿನವರಿಗೆ ಹಸಿರೇ ಆಗಬೇಕು, ಅದೂ ಕೋಲಾರದ ಬೆಂಗಾಡಿನಲ್ಲಿ!

ಮಾರ್ಗಶಿರದಲ್ಲೊಂದು ದಿನ ಕ್ಲಬ್ಬಿನ ಊಟಕ್ಕೆ ಹಿತಕಿದ ಬೇಳೆ ಸಾರು. ಇಂದುಶ್ರೀ ಒಂದು ತುತ್ತು ಬಾಯಿಗಿಟ್ಟು ಹಾಗೇ ಕೂತಳು. ಅವರೆಯ ಸೊಗಡೇ ಇಲ್ಲ! ಮಂಜು ಬಿದ್ದರೇ ಸೊಗಡು ಎಂಬುದು ಈ ಸೀಮೆಯ ಎಳೆಮಕ್ಕಳಿಗೂ ಗೊತ್ತು. ಕಾಯಿ ಬೇಲಿಯಾಚೆಯ ಮುನಿರತ್ನಮ್ಮನ ಹೊಲದ್ದೆಂದು ತಿಳಿದಾಗ ಅವಳಿಗೆ ತನ್ನ ಹುಲ್ಲಿನ ಮೇಲೆಯೇ ಅನುಮಾನ ಬಂತು. ಆ ಹೊಲದಲ್ಲಿ ಮಂಜು ಅಳೆಯುವ ಉಪಕರಣ ಇಟ್ಟು ನೋಡಿದಳು. ಒಂದು ಹನಿಯೂ ಬಿದ್ದಿರಲಿಲ್ಲ. ಗಾಳಿಯ ತೇವವನ್ನೆಲ್ಲ ಮೈದಾನದ ಹುಲ್ಲೇ ಹೀರಿಕೊಂಡಿತ್ತು.

ಇದನ್ನು ಕೇಳಿ ಕ್ಲಬ್ಬಿನ ಅಧ್ಯಕ್ಷ ಅಶ್ವತ್ಥರೆಡ್ಡಿ ನಕ್ಕುಬಿಟ್ಟ. "ಮಂಜು ಯಾರಪ್ಪನ ಸ್ವತ್ತು ಡಾಕ್ಟ್ರೇ? ಯಾವ ಪಹಣೀಲಿ ಬರ್ದಿದೆ ತೋರ್ಸಿ."

"ಹುಲ್ಲಿನ್ನೂ ಪರೀಕ್ಷೇಲಿದೆ. ಬೇಡ ಅನ್ನೋ ಹಕ್ಕು ನನಗಿದೆ. ನಾಳೆ ಸುಡಿಸ್ತೀನಿ," ಎಂದಳು ಇಂದುಶ್ರೀ. ಅರ್ಧ ಆಯುಸ್ಸು ಆ ಹುಲ್ಲಿಗೇ ಸವೆದಿತ್ತು.

ಕ್ಷಮೆ ಕೇಳಲು ಸಂಜೆ ಹೊಲಕ್ಕೆ ಹೋದಳು. ಮುನಿರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬಾಮ್ಮಾ ಬಾ. ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ ಅಂತ ಕಾಯ್ತಿದ್ದೆ. ಸಂತೇಲಿ ನನ್ ಕಾಯಿ ಮೂಸಿ ನೋಡಿ ಮೊಕ ತಿರುಗಿಸ್ಕೊಂಡು ಹೋಗ್ತಾರೆ ಕಣಮ್ಮಾ. ಹೊಟ್ಟೆ ಉರಿಯಲ್ವಾ?"

"ತಪ್ಪು ನಂದೇ ಅಮ್ಮಾ. ನಾಳೆ ಅಷ್ಟೂ ಹುಲ್ಲು ಸುಟ್ಟುಬಿಡ್ತೀವಿ. ಮತ್ತೆ ಮಂಜು ಬೀಳತ್ತೆ."

"ಅಯ್ಯೋ, ಸುಡೋದ್ಯಾಕೆ?" ಮುನಿರತ್ನಮ್ಮ ಗಾಬರಿಯಾದಳು. "ನಂಗೊಂದು ಮಂಕರಿ ಹುಲ್ಲು ಕೊಡು, ಬದುವಿನ ಮ್ಯಾಲೆ ನೆಟ್ಕೋತೀನಿ. ಅವರೆ ಹೋದ್ರೆ ಹೋಗ್ಲಿ. ಮಣ್ಣಾಗೆ ನೀರು ಬಂದ್ರೆ ಟೊಮೊಟೊ ಇಡ್ತೀನಿ."

"ಆಗ ನಿಮ್ಮ ಆಚೆ ಹೊಲದವರಿಗೆ ಮಂಜು ಸಿಗಲ್ವಲ್ಲಮ್ಮಾ?"

"ಅವರೂ ನೆಡ್ಲಿ, ಯಾರು ಬ್ಯಾಡ ಅಂದ್ರು? ಬೋರ್‌ವೆಲ್ ಕೊರ್ಸೋವಾಗ ನಮ್ಮಪ್ಪ ಪಕ್ಕದೋರ್ನ ಕೇಳಿದ್ನಾ? ಪಕ್ಕದೋರು ನಮ್ಮನ್ನ ಕೇಳಿದ್ರಾ?"

ಇಂದುಶ್ರೀ ಕೊಡುವುದಿಲ್ಲವೆಂದು ತಲೆಯಾಡಿಸಿ ಹಿಂದಿರುಗಿದಳು. ಮುದುಕಿ ಬೆನ್ನ ಹಿಂದೆ ಬಯ್ಯುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಸುಡುವ ಆಳುಗಳನ್ನು ಕರೆದುಕೊಂಡು ಅವಳು ಮೈದಾನಕ್ಕೆ ಬಂದಾಗ ಬೇಲಿಯ ಉದ್ದಕ್ಕೂ ಅಲ್ಲಲ್ಲಿ ಕೆಮ್ಮಣ್ಣು ಕಾಣುತ್ತಿತ್ತು. ರಾತ್ರೋರಾತ್ರಿ ಯಾರೋ ಹುಲ್ಲನ್ನು ಬೇರುಸಮೇತ ಕಿತ್ತೊಯ್ದಿದ್ದರು. ಮುನಿರತ್ನಮ್ಮನ ಹೊಲ ಇದ್ದದ್ದು ಮೂಡಲಿಗೆ ಮಾತ್ರ. ಹುಲ್ಲು ನಾಲ್ಕೂ ದಿಕ್ಕಿನಲ್ಲಿ ಹೋಗಿತ್ತು.