ಚಿಗರಿಯ ವಿಮೆ

“ಜಾತಿ ಯಾವುದ್ರಿ?”

ಫಾರ್ಮಿನಿಂದ ಕಣ್ಣೆತ್ತದೆ ಶಿವಗಂಗಾ ಕೇಳಿದಳು. ಎದುರಿಗಿದ್ದ ಫಕೀರೇಶ ಹುಬ್ಬೇರಿಸಿದ.

“ಕುರುಬ್ರು ರೀ. ವಿಮಾಕ್ಕ ಅದೂ ಬೇಕನ್ರಿ?”

“ನಿಮ್ಮದಲ್ರಿ. ನಾಯೀದು.”

ಅವನು ನಾಚಿ ನಕ್ಕ. ನಗುವಾಗ ಎಡಗಣ್ಣು ಪೂರಾ ಮುಚ್ಚಿಹೋಗುತ್ತಿತ್ತು. ನೋಡಬಾರದು ಎಂದುಕೊಂಡೇ ಶಿವಗಂಗಾ ಎರಡು ಸಲ ನೋಡಿದಳು.

ನವಲಗುಂದದ ಹುಡುಗಿ ಅವಳು. ಕಲಘಟಗಿಯ ವಿಮಾ ಕಚೇರಿಗೆ ಸೇರಿ ಮೂರು ವರ್ಷವಾಗಿತ್ತು. ಬಾಡಿಗೆ ಕೋಣೆ ಹುಡುಕುವಾಗ ಇದೇ ಪ್ರಶ್ನೆಯನ್ನು ಆರು ಮನೆಗಳ ಬಾಗಿಲಲ್ಲಿ ಅವಳಿಗೆ ಕೇಳಿದ್ದರು. ಏಳನೆಯವರು ಕೇಳಲಿಲ್ಲ, ಕೋಣೆ ಸಿಕ್ಕಿತು.

ಆ ದಿನ ಅವಳು ಹತ್ತಿರದ ತಂಬೂರು ಹಳ್ಳಿಗೆ ಬಂದದ್ದು ಫಕೀರೇಶನ ಕುರಿಗಳ ವಿಮೆಗೆ. ಅದು ಮುಗಿದ ಮೇಲೆ ಅವನು ನಾಯಿಗೂ ಮಾಡಿಸುತ್ತೇನೆ ಎಂದಿದ್ದ. ಉದ್ದ ಕಾಲಿನ, ಸಣ್ಣ ನಡುವಿನ ಹೆಣ್ಣು ನಾಯಿ. ಜಿಂಕೆಯ ಹಾಗೆ ಓಡುತ್ತದೆಂದು ಹೆಸರು ಚಿಗರಿ.

“ಮುಧೋಳ ನಾಯಿ ಅಂತ ಬರೀರಿ. ನಮ್ಮಪ್ಪ ತಂದಿದ್ದು. ಅಂವ ಸಾಯೋ ವರ್ಷ.”

ಶಿವಗಂಗಾ ಚಿಗರಿಯ ಕಿವಿ ಹಿಡಿದು ನೋಡಿದಳು, ಬೆನ್ನು ಸವರಿದಳು. ಬಾಲ ಮೇಲಕ್ಕೆ ಸುರುಳಿಯಾಗಿತ್ತು, ಕೂದಲು ದಪ್ಪ.

“ಅರ್ಧ ಮುಧೋಳ ಐತ್ರಿ. ಅರ್ಧ ಊರ ನಾಯಿ.”

ಅವನ ನಗು ಹೋಯಿತು.

“ಸಿಟ್ಟಾಗಬ್ಯಾಡ್ರಿ. ವಿಮಾದ ಕಂತು ತಳಿ ಮ್ಯಾಲೆ ಇರ್ತೈತಿ. ಲ್ಯಾಬ್ರಡಾರ್, ರಾಟ್‌ವೀಲರ್ ಅಂದ್ರ ಸೊಂಟದ ಬ್ಯಾನಿ ಬರ್ತಾವ, ಅವಕ್ಕ ಹೆಚ್ಚು. ಮುಧೋಳ ನಾಯಿ ಓಡಿ ಕಾಲು ಮುರಕೊಳ್ತಾವ, ತೊಗಲು ತೆಳುವು, ಕಳವೂ ಆಗ್ತಾವ. ಅವಕ್ಕ ಇದರ ದೀಡ ಪಟ್ಟು, ನೂರಕ್ಕ ನೂರೈವತ್ತು. ಮಿಶ್ರ ತಳಿಗೆ ಬ್ಯಾನಿ ಕಡಿಮಿ, ಕಂತೂ ಕಡಿಮಿ.”

“ದೀಡ ಪಟ್ಟು ಕೊಡ್ತೀನ್ರಿ. ಮುಧೋಳ ಅಂತನ ಬರೀರಿ.”

“ನಾಳೆ ಏನರ ಆದ್ರ ಡಾಕ್ಟರು ನೋಡಿ, ಇದು ಮುಧೋಳ ಅಲ್ಲ ಅಂತ ಬರದ್ರ ಒಂದು ರೂಪಾಯಿನೂ ಬರಂಗಿಲ್ಲ. ಗೊತ್ತಿದ್ದೂ ಬರದು ನಿಮಗ ಮೋಸ ಮಾಡ್ಲೇನು?”

ಫಕೀರೇಶ ಚಿಗರಿಯ ತಲೆ ಸವರಿದ. ಆಮೇಲೆ ಪೆನ್ನು ಕೇಳಿ ಸಹಿ ಮಾಡಿದ.

ಫಾರ್ಮಿಗೆಂದು ಚಿಗರಿಯ ಫೋಟೋ ಕಳಿಸಿದ ಫಕೀರೇಶ ಮರುದಿನ ಫೋನು ಮಾಡಿದ. “ಚಿಗರಿ ಫೋಟೋ ಸರಿ ಬಂದೈತನ್ರಿ?”

“ಬಂದೈತ್ರಿ.”

“ಇನ್ನೊಂದು ಕಳಸ್ಲೇನ್ರಿ?”

“ಬ್ಯಾಡ್ರಿ.”

ಆದರೂ ಕಳಿಸಿದ. ಅದರಲ್ಲಿ ನಾಯಿಯ ಕೊರಳ ಮೇಲೆ ಅವನ ಕೈ ಇತ್ತು. ಕಚೇರಿಗೆ ಅದು ಬೇಕಿರಲಿಲ್ಲ. ಶಿವಗಂಗಾ ಅಳಿಸಲೂ ಇಲ್ಲ.

ಹೊಸದಾಗಿ ಹುಟ್ಟಿದ ಕುರಿಮರಿಗಳ ಕಿವಿಗೆ ವಿಮೆಯ ನಂಬರಿನ ಓಲೆ ಹಾಕಬೇಕೆಂದು ಅವಳು ತಿಂಗಳಿಗೊಮ್ಮೆ ಹೋಗುವುದಿತ್ತು. ಅದು ಹದಿನೈದು ದಿನಕ್ಕೊಮ್ಮೆ ಆಯಿತು. ಅವನು ಮರಿಯನ್ನು ಹಿಡಿದುಕೊಳ್ಳುತ್ತಿದ್ದ, ಅವಳು ಕಿವಿಗೆ ಓಲೆ ಒತ್ತುತ್ತಿದ್ದಳು. ಇಬ್ಬರ ತಲೆಗಳು ಹತ್ತಿರವಾದಾಗ ಇಬ್ಬರೂ ಮರಿಯನ್ನೇ ನೋಡುತ್ತಿದ್ದರು.

“ನೀವು ಬಂದ್ರ ಚಿಗರಿ ಬೊಗಳೂದ ಇಲ್ರಿ,” ಎಂದ ಒಮ್ಮೆ.

“ಖರೇ ಜಾತಿ ಹೇಳಿದ್ದು ನಾನ ಅಂತ ಗೊತ್ತಾಗಿರಬೇಕು.”

ಅವನ ಎಡಗಣ್ಣು ಮುಚ್ಚಿಹೋಯಿತು. ಅಂದು ಇಡೀ ದಾರಿ ಅವಳು ಸ್ಕೂಟಿಯನ್ನು ಮೆಲ್ಲಗೆ ಓಡಿಸಿದಳು.

ಅವನ ತಾಯಿ ಹನಮವ್ವನಿಗೂ ಅವಳೆಂದರೆ ಅಕ್ಕರೆ. ಸ್ಟೀಲಿನ ಲೋಟದ ತುಂಬ ಚಹಾ ಕೊಟ್ಟು, ಕುಡಿಯುವವರೆಗೆ ಎದುರಿಗೇ ಕೂತಿರುತ್ತಿದ್ದಳು. ಒಂದು ದಿನ ಕೇಳಿದಳು:

“ನವಲಗುಂದದಾಗ ಯಾವ ಓಣಿ ತಂಗಿ? ಮನ್ಯಾಗ ಯಾವ ದೇವ್ರು?”

ಶಿವಗಂಗಾ ಮುಚ್ಚಿಡಲಿಲ್ಲ. ಓಣಿಯ ಹೆಸರು ಹೇಳಿದಳು. “ಮನ್ಯಾಗ ಬುದ್ಧನ ಫೋಟೋ ಐತ್ರಿ,” ಎಂದಳು. ಹನಮವ್ವ ಹೂಂ ಎಂದು ಎದ್ದು ಒಳಗೆ ಹೋದಳು.

ಮುಂದಿನ ಸಲ ಹೋದಾಗ ಚಹಾ ಬಂತು. ಹನಮವ್ವನಿಗೆ ಸ್ಟೀಲಿನ ಲೋಟ, ಫಕೀರೇಶನಿಗೆ ಸ್ಟೀಲಿನ ಲೋಟ, ಅವಳಿಗೆ ಅಂಗಡಿಯಿಂದ ತಂದ ಪೇಪರ್ ಕಪ್ಪು. ಶಿವಗಂಗಾ ತಲೆಯೆತ್ತಿ ಫಕೀರೇಶನನ್ನು ನೋಡಿದಳು. ಅವನು ಕಪ್ಪನ್ನು ನೋಡಿದ. ಅವಳನ್ನು ನೋಡಿದ. ಕಣ್ಣು ಕೆಳಗೆ ಮಾಡಿ ತನ್ನ ಚಹಾ ಕುಡಿದ.

ಅವಳು ಕಪ್ಪನ್ನು ಮುಟ್ಟದೆ ಎದ್ದು ಬಂದಳು. ಎರಡು ತಿಂಗಳು ಅವನ ಫೋನು ಎತ್ತಲಿಲ್ಲ. ಮರಿಗಳ ಓಲೆಗೆ ಕಚೇರಿಯ ಅಸ್ಲಂನನ್ನು ಕಳಿಸಿದಳು.

ಒಂದು ಮಧ್ಯಾಹ್ನ ಫೋನು ಬಿಟ್ಟೂ ಬಿಡದೆ ರಿಂಗಾಯಿತು. ಏಳನೆಯ ಸಲಕ್ಕೆ ಎತ್ತಿದಳು.

“ಚಿಗರಿನ್ನ ಕಾಡಹಂದಿ ಸೀಳೇತ್ರಿ,” ಎಂದ ಫಕೀರೇಶ. “ಎಲ್ಲಿ ಒಯ್ಯಬೇಕು ತಿಳೀವಲ್ದು.”

ಅವಳು ಟೆಂಪೋ ಹೇಳಿ ತಾನೂ ಹೋದಳು. ಧಾರವಾಡದ ಪಶು ಆಸ್ಪತ್ರೆಯವರೆಗೆ ನಾಯಿಯ ತಲೆ ಅವಳ ತೊಡೆಯ ಮೇಲಿತ್ತು, ಹೊಟ್ಟೆಗೆ ಒತ್ತಿದ ಟವೆಲ್ಲು ಫಕೀರೇಶನ ಕೈಯಲ್ಲಿ. ಡಾಕ್ಟರು ಆಪರೇಷನ್ ಮಾಡಿದರು. ಚಿಗರಿ ಎರಡು ದಿನ ಜೀವ ಹಿಡಿದುಕೊಂಡಿತ್ತು. ಮೂರನೆಯ ದಿನ ಬೆಳಿಗ್ಗೆ, ಅವನು ಬೊಗಸೆಯಲ್ಲಿ ನೀರು ಹಿಡಿದಿದ್ದಾಗ, ಕುಡಿಯಲಿಲ್ಲ.

ಡಾಕ್ಟರು ಕೊಟ್ಟ ಸಾವಿನ ಸರ್ಟಿಫಿಕೇಟಿನಲ್ಲಿ ಮಿಶ್ರ ತಳಿ ಎಂದಿತ್ತು. ಶಿವಗಂಗಾ ಅದನ್ನು ಫೈಲಿನಲ್ಲಿ ಇಟ್ಟಳು.

“ಖರ್ಚು ವಿಮಾದಾಗ ಬರ್ತೈತ್ರಿ.”

“ಮುಧೋಳ ಅಂತ ಬರಸಿದ್ರ?”

“ಬರ್ತಿರಲಿಲ್ಲ.”

ಅವನು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತ. “ಯಾರೋ ನಮ್ಮಪ್ಪಗ ಮುಧೋಳ ಅಂತ ಸುಳ್ಳು ಹೇಳಿ ಕೊಟ್ಟಿದ್ರು. ಅದು ನನಗೂ ಗೊತ್ತಿತ್ತು. ಬಾಯಿಬಿಟ್ಟು ಅನ್ನೂದು ಆಗಲಿಲ್ಲ.”

“ನಿಮಗ ಬಾಯಿ ಬಿಡಾಕ ಆಗದ್ದು ಅದೊಂದ ಅಲ್ರಿ.”

ಅವನಿಗೆ ತಿಳಿಯಿತು. ಹೇಳಿದ, “ಆ ಕಪ್ಪು ನೋಡಿದೆ. ನೋಡಿ ಚಾ ಕುಡದೆ. ಅವತ್ತಿಂದ ನನಗ ಚಾ ಸೇರೂದಿಲ್ಲ. ನಿಮ್ಮ ಮ್ಯಾಲೆ ಮನಸೈತ್ರಿ, ಶಿವಗಂಗಾ. ಮೊದಲನೇ ದಿನದಿಂದ.”

ಈ ಮಾತನ್ನು ಕೇಳಬೇಕೆಂದು ಅವಳು ಎಷ್ಟೋ ದಿನ ಕಾದಿದ್ದಳು. ಕೇಳಿದ್ದು ಈ ಆಸ್ಪತ್ರೆಯ ಕಟ್ಟೆಯ ಮೇಲೆ. ಟೆಂಪೋದಲ್ಲಿ ಅವಳ ಚಪ್ಪಲಿಗೆ ಮೆತ್ತಿದ ನಾಯಿಯ ರಕ್ತ ಇನ್ನೂ ಹೋಗಿರಲಿಲ್ಲ.

“ನನಗೂ ಐತ್ರಿ,” ಎಂದಳು. “ಆದ್ರ ಕುರಿ ಕಾಯೋ ಹೊಲದಾಗ ಒಬ್ಬಾಕಿ ಇದ್ದಾಗ ಇಷ್ಟಪಡವ್ರು ನನಗ ಸಾಲೂದಿಲ್ಲ. ನಾಲ್ಕು ಮಂದಿ ಮುಂದ ನನ್ನ ಬಾಜು ನಿಂದ್ರವ್ರು ಬೇಕು. ನಿಮಗದು ಆಗೂದಿಲ್ಲ ಅಂದ್ರ ನಾ ಬೈಯೂದಿಲ್ಲ. ಇನ್ನ ಫೋನ್ ಮಾಡಬ್ಯಾಡ್ರಿ, ಅಷ್ಟ.”

ತಂಬೂರಿನ ಕೆರೆಯ ದಂಡೆಯಲ್ಲಿ ಚಿಗರಿಯನ್ನು ಮಣ್ಣು ಮಾಡಿದರು. ಕೊನೆಯ ಹಿಡಿ ಮಣ್ಣು ಹಾಕಿ ಶಿವಗಂಗಾ ಹೊರಟಳು. ಅವನು ತಡೆಯಲಿಲ್ಲ.

ಒಂಬತ್ತು ದಿನ ಫೋನು ಬರಲಿಲ್ಲ. ಹತ್ತನೆಯ ದಿನ ಸಂಜೆ ಬಂತು.

“ಕಲಘಟಗಿ ಬಸ್‌ಸ್ಟ್ಯಾಂಡಿನ್ಯಾಗ ಅದೀನ್ರಿ. ಹೇಳಿ ಹೋಗೂಣು ಅಂತ.”

ಅವನು ಬೆಂಚಿನ ತುದಿಯಲ್ಲಿ ಕೂತಿದ್ದ. ಕಾಲ ಬಳಿ ಒಂದು ಚೀಲ, ಹೆಗಲ ಮೇಲೆ ಕಂಬಳಿ. ಹತ್ತೇ ದಿನದಲ್ಲಿ ಮುಖ ಇಳಿದುಹೋಗಿತ್ತು.

“ಅವ್ವಗ ಹೇಳಿದೆ. ಅಣ್ಣನೂ ಇದ್ದ, ಓಣಿ ಮಂದಿನೂ ಇದ್ರು. ಎಲ್ಲಾರ ಮುಂದ ನಿಮ್ಮ ಹೆಸರು ಹೇಳಿದೆ.”

“ಅವ್ವ ಏನಂದ್ರು?”

“ಸತ್ತಿ ಅಂತ ತಿಳ್ಕೋತೀನಿ ಅಂದ್ಲು.” ಅವನು ಕಂಬಳಿ ಸರಿಮಾಡಿಕೊಂಡ. “ಬಾಗಲಾ ಹಾಕೊಂಡ್ಲು. ಹಾಕೊಂಡು ಒಳಗ ಅಳಾಕತ್ತಿದ್ಲು, ಹೊರಗ ಕೇಳಸ್ತಿತ್ತು. ಕುರಿ ಅಣ್ಣಗ ಬಿಟ್ಟೆ. ಹುಬ್ಬಳ್ಳ್ಯಾಗ ಗೋಡೌನ್ ಕೆಲಸ ಐತಂತ. ನೀವು ಹೂಂ ಅನಬೇಕಂತ ಇಲ್ರಿ. ಒಮ್ಮೆ ಬಾಯಿ ಬಿಟ್ಟೆ ಅಂತ ನಿಮಗ ಗೊತ್ತಾದ್ರ ಸಾಕು.”

ಶಿವಗಂಗಾಳಿಗೆ ಸಂತೋಷವೇನೂ ಆಗಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಅಳುತ್ತಿರುವ ಆ ಮುದುಕಿ ಕಣ್ಣ ಮುಂದೆ ಬಂದಳು. ನಾಳೆ ತನ್ನ ಕೋಣೆಯ ಮಾಲೀಕರೂ ಕೇಳಿಯಾರು, ಕಚೇರಿಗೆ ಯಾರಾದರೂ ಬಂದು ಕೂಗಾಡಿಯಾರು. ಇದು ಇಲ್ಲಿಗೆ ಮುಗಿಯುವುದಲ್ಲ ಎಂದು ಅವಳಿಗೆ ಗೊತ್ತಿತ್ತು.

ಹುಬ್ಬಳ್ಳಿ ಬಸ್ಸು ಬಂತು. ಫಕೀರೇಶ ಎದ್ದು ಚೀಲ ಎತ್ತಿಕೊಂಡ. ಬಾಗಿಲಲ್ಲಿ ಜನ ನುಗ್ಗುತ್ತಿದ್ದರು. ತಂಬೂರಿನ ಇಬ್ಬರು ಹೆಂಗಸರು ಸಂತೆಯ ಚೀಲ ಹಿಡಿದು ಇವರನ್ನೇ ನೋಡುತ್ತ ನಿಂತಿದ್ದರು.

ಶಿವಗಂಗಾ ಅವನ ಕೈಯಿಂದ ಚೀಲ ತೆಗೆದುಕೊಂಡು ಬೆಂಚಿನ ಮೇಲೆ ಇಟ್ಟಳು.

“ಯಾವಾಗ ಉಂಡಿ?”

“ನಿನ್ನೆ.”

“ಕುಂದ್ರು,” ಎಂದಳು. ಅವನ ಬಾಜು ಕೂತು, ಆ ಹೆಂಗಸರು ನೋಡುತ್ತಿದ್ದಂತೆಯೇ, ಅವನ ಕೈ ಹಿಡಿದುಕೊಂಡಳು. ಬಸ್ಸು ಹೊರಟುಹೋಯಿತು.