ಬೂದಿಯ ಊಟ

“ತಿನ್ನೇ ಮಹಾರಾಣಿ! ಕೈತುತ್ತು ಬೇರೆ ಕೊಡ್ಬೇಕಾ ನಿನಗೆ?”

ಮೆಣಸಿನಕಾಯಿ ಎಂದೇ ಎಲ್ಲರೂ ಕರೆಯುವ ಹುಡುಗಿ ಬಕೆಟ್ಟನ್ನು ಕುದುರೆಯ ಮೂತಿಗೆ ಒತ್ತಿದಳು. ಅದು ಮುಖ ತಿರುಗಿಸಿತು.

ಮೆಣಸಿನಕಾಯಿ ಓದುತ್ತಿದ್ದುದು ನಾಲ್ಕನೇ ಕ್ಲಾಸು. ಅವಳ ನಾಲಿಗೆಯ ಖಾರ ಉಂಡವರೇ ಇಟ್ಟ ಹೆಸರು ಅದು. ಬೂದಿ ಅವಳ ಅಕ್ಕನ ಹೆಣ್ಣು ಕುದುರೆ. ಅಂದು ದೂರದ ಸವಾರಿಯ ಪಂದ್ಯ. ಬೆಳಗಿನಿಂದ ಗುಡ್ಡ, ಕಾಲುವೆ, ಕಲ್ಲುದಾರಿ ದಾಟಿ ಅಕ್ಕ ಬೂದಿಯ ಮೇಲೆ ಈ ಬಯಲಿಗೆ ಬಂದಿದ್ದಳು. ಇಲ್ಲಿ ಕುದುರೆಗಳು ನೀರು ಕುಡಿದು, ಮೇವು ತಿಂದು, ಡಾಕ್ಟರಿಗೆ ತೋರಿಸಿಕೊಂಡೇ ಮುಂದೆ ಹೋಗಬೇಕು.

ಮೇವಿನ ಜವಾಬ್ದಾರಿ ಚಿಕ್ಕಪ್ಪನದು. ಆತ ಮಿರಮಿರ ಮಿಂಚುವ ಪ್ಯಾಕೆಟ್ ತಂದು ಬಕೆಟ್ಟಿಗೆ ಸುರಿದಿದ್ದ.

“ಪವರ್ ಫೀಡು ಕಣೇ! ಇದನ್ನ ತಿಂದ್ರೆ ಕುದುರೆ ಅಲ್ಲ, ರಾಕೆಟ್ಟು!”

“ರಾಕೆಟ್ಟಂತೆ! ಶೂ ಪಾಲಿಶ್ ವಾಸನೆ ಬರ್ತಿದೆ. ನೀವೇ ಒಂದು ಹಿಡಿ ತಿಂದು ಹಾರಿ ನೋಡೋಣ.”

“ಬಾಯಿ ಮುಚ್ಚೇ!”

ಅಷ್ಟರಲ್ಲಿ ಡಾಕ್ಟರಮ್ಮ ಬಂದು ಬೂದಿಯ ಎದೆಗೂ ಹೊಟ್ಟೆಗೂ ಸ್ಟೆತಸ್ಕೋಪ್ ಇಟ್ಟರು. “ಎದೆ ಬಡಿತ ಸರಿ ಇದೆ. ಹೊಟ್ಟೇಲಿ ಮಾತ್ರ ಸದ್ದೇ ಇಲ್ಲ. ಹೊರಡೋ ಮುಂಚೆ ಇನ್ನೊಂದ್ಸಲ ನೋಡ್ತೀನಿ. ತಿನ್ನದಿದ್ರೆ ಮುಂದೆ ಬಿಡೋದಿಲ್ಲಮ್ಮ.”

ಅಕ್ಕ ಹೆಲ್ಮೆಟ್ ತೆಗೆದು ನೆಲದ ಮೇಲೆಯೇ ಕುಳಿತುಬಿಟ್ಟಳು.

ಮೆಣಸಿನಕಾಯಿಗೆ ಮೈಯೆಲ್ಲ ಉರಿಯಿತು. ಹಗ್ಗ ಹಿಡಿದು ಬೂದಿಯನ್ನು ಬೇಲಿಯ ಕಡೆಗೆ ನಡೆಸಿದಳು. “ಪಕ್ಕದ ಕುದುರೆ ನೋಡು, ಬಕೆಟ್ಟನ್ನೂ ಬಿಡೋ ಹಾಗಿಲ್ಲ. ನಿಂದೇನೇ ಧಿಮಾಕು? ಕತ್ತೆಗಾದ್ರೂ ನಿನಗಿಂತ ಬುದ್ಧಿ ಇದೆ!”

ಬೂದಿ ಕಿವಿಯನ್ನು ಹಿಂದಕ್ಕೆ ಒತ್ತಿಕೊಂಡು ನಿಂತಿತ್ತು. ಅದರ ಕಾಲು ಸಣ್ಣಗೆ ನಡುಗುತ್ತಿತ್ತು. ಅವಳು ಅದನ್ನು ಈಗಷ್ಟೇ ಕಂಡಳು. ಬೈಗುಳವೂ ಖಾಲಿಯಾಗಿತ್ತು. ಸುಮ್ಮನೆ ಬೇಲಿಗೆ ಒರಗಿದಳು.

ಬೂದಿಯ ಕಿವಿ ಮೆಲ್ಲಗೆ ಸಡಿಲವಾಯಿತು. ತಲೆ ಬಗ್ಗಿತು. ಬೇಲಿಯ ಬುಡದ ಹಸಿ ಹುಲ್ಲನ್ನು ಮೂಸಿತು. ಕರ್... ಕರ್... ಕಿತ್ತು ತಿನ್ನತೊಡಗಿತು.

“ಅಕ್ಕಾ! ಮಹಾರಾಣಿಯವರು—”

ಅಗಿಯುವ ಸದ್ದು ತಟ್ಟನೆ ನಿಂತಿತು. ಮೆಣಸಿನಕಾಯಿ ತುಟಿ ಕಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಕರ್... ಕರ್...

ಡಾಕ್ಟರಮ್ಮ ಮತ್ತೆ ಬಂದಾಗಲೂ ಬೂದಿ ಮೇಯುತ್ತಲೇ ಇತ್ತು. ಕಿವಿಗೊಟ್ಟು ಕೇಳಿ ಅವರು ನಕ್ಕರು. “ಗುಡುಗುಡು ಅಂತಿದೆ. ಹೊರಡ್ಬಹುದು.”

ಚಿಕ್ಕಪ್ಪ ಎದೆ ಉಬ್ಬಿಸಿದ. “ನೋಡಿದ್ರಾ? ನನ್ನ ಪವರ್ ಫೀಡನ್ನ ಒಂದ್ಸಲ ಮೂಸಿದ್ದಕ್ಕೇ ಇಷ್ಟು ಹಸಿವು!”

ಅದಕ್ಕೊಂದು ಸೊಗಸಾದ ಉತ್ತರ ಮೆಣಸಿನಕಾಯಿಯ ನಾಲಿಗೆಯ ತುದಿಗೆ ಬಂತು. ಇಂಥ ಉತ್ತರ ಜನ್ಮಕ್ಕೊಮ್ಮೆ ಸಿಗುವಂಥದು.

ಬೂದಿ ಇನ್ನೂ ಅಗಿಯುತ್ತಿತ್ತು.

ಅವಳು ಉತ್ತರವನ್ನು ನುಂಗಿಕೊಂಡಳು. ಸದ್ದಾಗದಂತೆ ಬಗ್ಗಿ, ಇನ್ನೊಂದು ಹಿಡಿ ಹುಲ್ಲು ಕಿತ್ತು ಬೂದಿಯ ಮುಂದೆ ಇಟ್ಟಳು.