ತುಂಬಿದ ಖಾನೆಗೆ ಖಾಲಿ ಎಂದವಳು

ಅವತ್ತು ಮಕ್ಕಳ ಕಾಲುಚೀಲದ ಖಾನೆ ನಿಜವಾಗಿಯೂ ಖಾಲಿ ಇತ್ತು. ಅವಳ ಪರವಾಗಿ ಹೇಳಬಹುದಾದದ್ದು ಅದೊಂದೇ. ಆಮೇಲಿನದ್ದಕ್ಕೆಲ್ಲ ಅವಳೇ ಹೊಣೆ.

ಅವಳದು ಗೋದಾಮಿನಲ್ಲಿ ಸಾಮಾನು ಆರಿಸುವ ಕೆಲಸ. ಎಲ್ಲೋ ಯಾರೋ ಸೋಫಾದ ಮೇಲೆ ಕೂತು ಫೋನಿನಲ್ಲಿ ಒಂದು ಟಾರ್ಚು, ಒಂದು ಟವೆಲ್ಲು ಎಂದು ಒತ್ತುತ್ತಾರೆ. ಅದು ಸಿಸ್ಟಮ್‌ಗೆ ಬರುತ್ತದೆ. ಸಿಸ್ಟಮ್ ಅದನ್ನು ಅವಳ ಹೆಡ್‌ಸೆಟ್‌ನಲ್ಲಿ ಹೇಳುತ್ತದೆ: ಇಂಥ ಸಾಲು, ಇಂಥ ರ‍್ಯಾಕ್, ಇಂಥ ಖಾನೆ. ಅವಳು ಟ್ರಾಲಿ ತಳ್ಳಿಕೊಂಡು ಹೋಗಿ ಖಾನೆಗೆ ಅಂಟಿಸಿದ ನಂಬರು ಓದಿ ಹೇಳಬೇಕು. ಸಾಮಾನು ಎತ್ತಿಕೊಂಡರೆ "ಆಯ್ತು" ಅನ್ನಬೇಕು. ಇಲ್ಲದಿದ್ದರೆ "ಖಾಲಿ" ಎಂದು, ಮಾಲು ಬರುವವರೆಗೆ ಅಲ್ಲೇ ಕಾಯಬೇಕು. ಅಂಕಿಗಳನ್ನು ಬಿಟ್ಟರೆ ಆ ಯಂತ್ರಕ್ಕೆ ತಿಳಿಯುವ ಮಾತು ಅವೆರಡೇ. ಒಮ್ಮೆ ಅವಳು ಸೀನಿದಾಗ ಅದು "ಅರ್ಥವಾಗಲಿಲ್ಲ" ಅಂದಿತ್ತು. ಆ ವಾರ ಅವಳನ್ನು ಅರ್ಥಮಾಡಿಕೊಳ್ಳಲು ಯಾರಾದರೂ ಪ್ರಯತ್ನಪಟ್ಟಿದ್ದರೆ ಅದೊಂದೇ.

ಮದುವೆ ಮುರಿದ ಮೇಲೆ ಅವಳು ಈ ಊರಿಗೆ ಬಂದದ್ದು. ಟೈಲರ್ ಅಂಗಡಿಯ ಮೇಲೊಂದು ರೂಮು, ರಸ್ತೆ ಕಾಣುವ ಕಿಟಕಿ, ಒಬ್ಬರಿಗೆ ಸಾಕಾಗುವಷ್ಟು ಪಾತ್ರೆ. ಅಣ್ಣ ಆಗಾಗ ಫೋನ್ ಮಾಡಿ ಎಲ್ಲ ಸರಿ ಇದೆಯಾ ಎಂದು ಕೇಳುತ್ತಿದ್ದ. ಸರಿ ಇಲ್ಲ ಎಂದರೆ ಪಾಪ ಅವನಿಗೆ ಏನು ಮಾಡಲೂ ತೋಚುವುದಿಲ್ಲ, ಅದಕ್ಕೇ ಸರಿ ಇದೆ ಅನ್ನುತ್ತಿದ್ದಳು. ಒಂದು ಸಂಜೆ ಒಲೆ ಆರಿಸಿ, ಒಲೆಗೇ "ಆಯ್ತು" ಎಂದುಬಿಟ್ಟಳು. ಮೊದಲು ನಗು ಬಂತು. ಆಮೇಲೆ ಊಟ ಸೇರಲಿಲ್ಲ.

ಇನ್ನು ಆ ಕಾಲುಚೀಲದ ಸಂಗತಿ. ಅವಳು ಖಾಲಿ ಎಂದ ಸ್ವಲ್ಪ ಹೊತ್ತಿಗೆ ರಟ್ಟಿನ ಪೆಟ್ಟಿಗೆಯೊಂದನ್ನು ಭುಜದ ಮೇಲೆ ಹೊತ್ತು ಒಬ್ಬ ಬಂದ. ಮೇಲಿನ ರ‍್ಯಾಕ್‌ಗಳಿಂದ ಮಾಲು ಇಳಿಸಿ ಕೆಳಗಿನ ಖಾನೆಗಳಿಗೆ ತುಂಬುವವನು. ಆಳೂ ಎತ್ತರ, ಹಿಂದೆ ಸದಾ ಗಾಲಿಯ ಏಣಿ ಬೇರೆ. ಹಾಗಾಗಿ ಗೋದಾಮಿಗೆಲ್ಲ ಅವನು ಏಣಿ. ಈ ಸಾಲುಗಳಲ್ಲಿ ಯಾರು ಖಾಲಿ ಎಂದರೂ ಸಿಸ್ಟಮ್ ಅವನ ಕೈಯಲ್ಲಿರುವ ಮಷೀನಿಗೆ ಸುದ್ದಿ ಕಳಿಸುತ್ತದೆ, ಅವನು ಮಾಲು ತರಬೇಕು.

"ಕಾಯಿಸಿಬಿಟ್ನಾ?" ಅಂದ.

"ಪರವಾಗಿಲ್ಲ."

"ನಿನ್ನೆ ತಾನೇ ತುಂಬಿದ್ದೆ ರೀ. ಈ ಮಕ್ಕಳು ಕಾಲುಚೀಲ ತಿಂತಾವೋ ಏನೋ." ಪೆಟ್ಟಿಗೆಯ ಟೇಪು ಕೀಳುತ್ತಾ, ತಲೆ ಎತ್ತದೆ, "ಊಟ ಆಯ್ತಾ?" ಎಂದು ಕೇಳಿದ.

ಮಾತಿಗೆ ಕೇಳಿದ ಮಾತು ಅದು. ಅವಳೂ ಮಾತಿಗೇ, ಮೆತ್ತಗೆ "ಆಯ್ತು" ಅಂದಳು. ಕೂಡಲೇ ಹೆಡ್‌ಸೆಟ್ಟು ಕಾಲುಚೀಲ ಸಿಕ್ಕಿತೆಂದು ತಿಳಿದು ಮುಂದಿನ ಸಾಲಿನ ಶಾಂಪೂಗೆ ಹೊರಡಿಸಿತು. ಅವಳ ಗಾಬರಿ ನೋಡಿ ಅವನಿಗೆ ಅರ್ಥವಾಯಿತು. ನಗುತ್ತಾ ಒಂದು ಜೊತೆ ಕಾಲುಚೀಲ ಅವಳ ಟ್ರಾಲಿಗೆ ಹಾಕಿದ. ಆಮೇಲೆ ಅವಳ ಬಾಯಿಯ ಹತ್ತಿರವಿದ್ದ ಮೈಕನ್ನು ಎರಡೇ ಬೆರಳಲ್ಲಿ ಹಿಡಿದು, ಕೆನ್ನೆಗೆ ತಾಗದ ಹಾಗೆ ಮೇಲಕ್ಕೆ ಮಡಚಿದ.

"ಹೀಗೆ ಮಾಡಿದ್ರೆ ಅದಕ್ಕೆ ಕೇಳಿಸಲ್ಲ. ಈಗ ಹೇಳಿ, ನಿಜವಾಗ್ಲೂ ಊಟ ಆಯ್ತಾ?"

ಆಗಿರಲಿಲ್ಲ. ಹಾಗೇ ಹೇಳಿದಳು.

ಕೆನ್ನೆಗೆ ತಾಗದೇ ಹೋದ ಆ ಎರಡು ಬೆರಳು ಅವಳ ಕೆನ್ನೆಯಲ್ಲೇ ಉಳಿದುಬಿಟ್ಟವು. ಕೆಲವು ದಿನ ಅವಳು ಖಾನೆಗಳು ತಾವಾಗಿಯೇ ಖಾಲಿಯಾಗಲಿ ಎಂದು ಕಾದಳು. ಒಂದೂ ಆಗಲಿಲ್ಲ. ಅಷ್ಟು ನೀಟು ಅವನ ಕೆಲಸ. ಕೊನೆಗೆ ಒಂದು ಮಧ್ಯಾಹ್ನ, ಕೊಡೆಗಳು ಕಿಕ್ಕಿರಿದು ನಿಂತಿದ್ದ ಖಾನೆಯ ಮುಂದೆ ನಿಂತು, ಆ ಕಡೆ ಈ ಕಡೆ ನೋಡಿ, ಮೈಕಿಗೆ "ಖಾಲಿ" ಎಂದು ಹೇಳಿಯೇಬಿಟ್ಟಳು.

ಅವನು ಬಂದ. ಖಾನೆ ನೋಡಿದ, ಅವಳನ್ನು ನೋಡಿದ, ಮತ್ತೆ ಖಾನೆ ನೋಡಿದ. ಅವಳು ಟ್ರಾಲಿಯ ಗಾಲಿಯನ್ನು ಜೀವಮಾನದಲ್ಲಿ ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಬೈದರೆ ಬೈಯಲಿ ಎಂದು ಉಸಿರು ಹಿಡಿದಿದ್ದಳು. ಅವನು ಪೆಟ್ಟಿಗೆ ಕೆಳಗಿಟ್ಟು, ಬಹಳ ಗಂಭೀರವಾಗಿ, "ಹೌದಲ್ಲ, ಪೂರ್ತಿ ಖಾಲಿ" ಅಂದ. ಖಾನೆಯಲ್ಲಿದ್ದ ಕೊಡೆಗಳನ್ನೆಲ್ಲ ಹೊರಗೆ ತೆಗೆದು, ಅವನ್ನೇ ಒಂದೊಂದಾಗಿ, ಒರೆಸಿ, ಹಿಡಿಕೆ ನೇರ ಮಾಡಿ, ಒಳಗಿಡತೊಡಗಿದ. ಅಷ್ಟು ನಿಧಾನವಾಗಿ ಆ ಗೋದಾಮಿನಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಿರಲಿಕ್ಕಿಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ಒಮ್ಮೆ ಬಲ್ಬು, ಒಮ್ಮೆ ಬಾಚಣಿಗೆ. ತುರ್ತಿನ ಸಾಮಾನು ಅವಳು ಮುಟ್ಟುತ್ತಿರಲಿಲ್ಲ. ಯಾರದೋ ಬಾಚಣಿಗೆ ಸ್ವಲ್ಪ ತಡವಾದರೆ ತಲೆಯೇನೂ ಬೀಳುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅವನು ಪೆಟ್ಟಿಗೆ ತರುವುದು, ಅವಳು ಮೈಕು ಮಡಚುವುದು, ಖಾನೆ ತುಂಬುವಷ್ಟು ಹೊತ್ತು ಮಾತು. ಅವನು ಅಕ್ಕನ ಮನೆಯಲ್ಲಿ ಇದ್ದಾನೆಂದು, ಭಾವ ಮಾತಿಗೆ ಒಳ್ಳೆಯವನೇ ಆದರೂ ಸಂಬಳ ಬಂತಾ ಎಂದು ತಟ್ಟೆ ಮುಂದೆಯೇ ಕೇಳುವವನೆಂದು ಅವಳಿಗೆ ಹೀಗೆ ಗೊತ್ತಾದದ್ದು. ತುಂಬಿದ ಖಾನೆಯ ವಿಚಾರ ಮಾತ್ರ ಇಬ್ಬರೂ ಎತ್ತಲಿಲ್ಲ. ಎತ್ತಿದರೆ ಯಾಕೆ ಎಂಬ ಪ್ರಶ್ನೆಯೂ ಏಳುತ್ತಿತ್ತು.

ಸುದ್ದಿ ತಂದದ್ದು ಪ್ಯಾಕಿಂಗ್ ಟೇಬಲ್ಲಿನ ಅತ್ತೆ. ಅವರು ಗೋದಾಮಿಗೆಲ್ಲ ಅತ್ತೆ, ಸಂಬಂಧದಲ್ಲಿ ಯಾರಿಗೂ ಅಲ್ಲ.

"ನಿನ್ನ ಏಣಿನ ತೆಗೀತಾರಂತೆ ಕಣೇ," ಅಂದರು, ಡಬ್ಬಕ್ಕೆ ಟೇಪು ಎಳೆಯುತ್ತಾ.

"ನನ್ನ ಏಣಿ ಅಂದ್ರೆ?"

"ಸುಮ್ನಿರು. ಟೇಪ್ ಹಚ್ಚೋದು ಕೈ, ನೋಡ್ತಾ ಇರೋದು ಬಿಟ್ರೆ ಕಣ್ಣಿಗೇನು ಕೆಲಸ ಇದೆ ನನಗೆ?"

ಆಮೇಲೆ ಅತ್ತೆ ಪೂರ್ತಿ ಹೇಳಿದರು. ಖಾನೆ ಖಾಲಿ ಎಂದು ಬಂದಾಗಲೆಲ್ಲ ಸಿಸ್ಟಮ್ ಅದನ್ನು ತುಂಬುವವನ ಲೆಕ್ಕಕ್ಕೆ ಹಾಕುತ್ತದಂತೆ. ಅವನ ಸಾಲುಗಳು ಈಗ ಸಿಸ್ಟಮ್‌ನ ಪರದೆಯ ಮೇಲೆ ಕೆಂಪೋ ಕೆಂಪು. ಮ್ಯಾನೇಜರ್ ಮೇಡಂ ಕರೆದು ಕೇಳಿದರೆ ಮಹಾರಾಯ ತಪ್ಪಾಯ್ತು ಅನ್ನುತ್ತಾನೆಯೇ ಹೊರತು ಮತ್ತೊಂದು ಮಾತಿಲ್ಲ. ಈ ತಿಂಗಳಿಗೆ ಅವನ ಕೆಲಸ ಮುಗಿಯಿತು.

ಅವಳ ಕೈಯಲ್ಲಿದ್ದ ಸೋಪು ಕೈಯಲ್ಲೇ ಉಳಿಯಿತು. ಆರಿಸುವವರಿಗೆ ಆ ಪರದೆ ಕಾಣುವುದಿಲ್ಲ, ಅವನಿಗೆ ತನ್ನ ಮಷೀನಿನಲ್ಲಿ ಕಾಣುತ್ತದೆ. ಅಂದರೆ ಪ್ರತಿ ಸಲ ಖಾನೆ ತುಂಬುವಾಗಲೂ, ಇದು ತನ್ನ ಲೆಕ್ಕಕ್ಕೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಹೆಡ್‌ಸೆಟ್ಟು ಮುಂದಿನ ಖಾನೆ ಹೇಳಿತು, ಮತ್ತೆ ಹೇಳಿತು. ಅವಳು ಅದನ್ನು ತೆಗೆದು ಟ್ರಾಲಿಯಲ್ಲಿಟ್ಟು, ಮೇಡಂ ಕೂರುವ ಗಾಜಿನ ಕೋಣೆಗೆ ನಡೆದಳು. ಈ ಕೆಲಸವೂ ಹೋದರೆ ಅಣ್ಣನಿಗೆ ಏನು ಹೇಳುವುದು ಎಂಬುದು ಬಾಗಿಲು ತೆಗೆದ ಮೇಲೆ ನೆನಪಾಯಿತು.

ಏಣಿ ಒಳಗೇ ಇದ್ದ. ಯಾವುದೋ ಕಾಗದಕ್ಕೆ ಸಹಿ ಹಾಕಲು ಬಗ್ಗಿದ್ದ.

"ಮೇಡಂ, ಆ ಖಾನೆಗಳು ಖಾಲಿ ಇರ್ಲಿಲ್ಲ. ನಾನೇ ಸುಳ್ಳು ಹೇಳಿದ್ದು."

ಮೇಡಂ ಕನ್ನಡಕ ತೆಗೆದರು. "ಯಾಕಮ್ಮ?"

ಗಾಜಿನಾಚೆ, ಓಡುವ ಬೆಲ್ಟಿನ ಮೇಲೆ ಡಬ್ಬಗಳು ಸಾಲಾಗಿ ಹೋಗುತ್ತಿದ್ದವು. ಕಣ್ಣು ತಪ್ಪಿಸಿದ್ದು ಇಷ್ಟು ದಿನ ಸಾಕು ಎಂದು ಅವಳು ಈ ಸಲ ಅವನ ಕಡೆಗೇ ನೋಡಿ ಹೇಳಿದಳು.

"ಖಾಲಿ ಅಂದ್ರೆ ಇವರು ಬರ್ತಾರೆ. ಅದಕ್ಕೆ."

ಅವನ ಕೈಯ ಪೆನ್ನು ನಿಂತಿತು. ಮೇಡಂ ಬಹಳ ಹೊತ್ತು ಕನ್ನಡಕದ ಗಾಜು ಒರೆಸಿದರು. ಆಮೇಲೆ ಪರದೆಯ ಕಡೆ ತಿರುಗಿ, ಮುರಿದದ್ದು, ಕಳೆದದ್ದು, ಜಾಗ ತಪ್ಪಿದ್ದು, ಎಲ್ಲಕ್ಕೂ ಇದರಲ್ಲಿ ಕಾರಣ ಇದೆ, ಇದೊಂದಕ್ಕೆ ಇಲ್ಲ ಎಂದು ಗೊಣಗಿದರು. ಗೊಣಗಿದರೂ ತೀರ್ಮಾನ ಖಡಕ್ಕಾಗಿತ್ತು. ಅವನು ಇರಲಿ. ಅವಳು ಇನ್ನು ಹೆಡ್‌ಸೆಟ್ಟು ಮುಟ್ಟುವ ಹಾಗಿಲ್ಲ. ಅಂಗಳದಾಚೆಯ ಶೆಡ್ಡಿಗೆ, ವಾಪಸ್ ಬಂದ ಸಾಮಾನು ನೋಡುವ ಕೆಲಸಕ್ಕೆ ಹೋಗಲಿ. ಇಲ್ಲವಾದರೆ ಮನೆಗೆ.

ಅವನು ಪೆನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ.

ಆ ಶೆಡ್ಡಿನಲ್ಲಿ ಜನರಿಗೆ ಬೇಡವಾದದ್ದೆಲ್ಲ ಬರುತ್ತಿತ್ತು. ಅಳತೆ ಸಾಲದ ಅಂಗಿ, ಬಣ್ಣ ಹಿಡಿಸದ ಚಾದರ. ಬಿಚ್ಚಿ ನೋಡುವುದು, ಕಲೆ ಇಲ್ಲದಿದ್ದರೆ ಮತ್ತೆ ಮಡಚಿ ಇಡುವುದು. ಕಿವಿಯಲ್ಲಿ ಈಗ ಯಾವ ದನಿಯೂ ಇರಲಿಲ್ಲ. ಬೇಕಾದ ಮಾತು ಆಡಬಹುದಿತ್ತು, ಕೇಳುವವರು ಇರಲಿಲ್ಲ. ದಿನಗಳು ಹೋದವು. ಅವನು ಬರಲಿಲ್ಲ. ಅವನು ಹಾದುಹೋದಾಗಲೆಲ್ಲ ಹುಡುಗರು ಖಾಲಿ ಖಾಲಿ ಎಂದು ಕೂಗಿ ಕಿಚಾಯಿಸುತ್ತಾರೆಂದು ಅತ್ತೆ ಹೇಳಿ ಹೋದರು. ಅವನ ಕೆಲಸ ಉಳಿಸಲು ಹೋಗಿ ಮರ್ಯಾದೆ ಕಳೆದೆ ಎಂದುಕೊಂಡಳು ಅವಳು. ಎದುರಿಗೆ ಸಿಕ್ಕರೆ ಕ್ಷಮಿಸಿ ಅನ್ನಬೇಕು. ಸಿಗದಿದ್ದರೆ ಇನ್ನೂ ಒಳ್ಳೆಯದು.

ಒಂದು ದಿನ ಚಹಾದ ಬಿಡುವಿನಲ್ಲಿ ಬಾಗಿಲಿಗೆ ನೆರಳು ಬಿತ್ತು. ಪೆಟ್ಟಿಗೆಯಿಲ್ಲ, ಏಣಿಯಿಲ್ಲ. ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಒಮ್ಮೆ ಜೇಬಿಗೆ, ಒಮ್ಮೆ ಬೆನ್ನ ಹಿಂದೆ ಹಾಕುತ್ತಿದ್ದ.

ಅವಳು ಒಳಹೊರಗಾಗಿದ್ದ ಕೋಟಿನ ತೋಳೊಂದನ್ನು ಸರಿಮಾಡುತ್ತಿದ್ದಳು. ಕೈ ತೋಳಿನೊಳಗೇ ಉಳಿಯಿತು. ಅವಳು ಕ್ಷಮೆ ಕೇಳುವ ಮೊದಲೇ ಅವನು ಶುರುಮಾಡಿದ.

"ನಿಮ್ಮನ್ನ ಉಳಿಸೋಕೆ ಬಾಯಿ ಮುಚ್ಕೊಂಡಿದ್ದೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಮೇಡಂ ಕೂಡ. ನಾನೇನು ಅಷ್ಟು ಒಳ್ಳೆಯವನಲ್ಲ."

"ಮತ್ತೆ?"

"ಹೇಳಿಬಿಟ್ರೆ ನೀವು ಕರೆಯೋದು ನಿಂತುಹೋಗುತ್ತಲ್ಲ. ಅದಕ್ಕೆ."

ಅವಳಿಗೆ ಸ್ವಲ್ಪ ಹೊತ್ತು ಕೋಟಿನ ಗುಂಡಿಗಳ ಹೊರತು ಏನೂ ಕಾಣಲಿಲ್ಲ. "ಇಷ್ಟು ದಿನ ಯಾಕೆ ಬರ್ಲಿಲ್ಲ?"

"ಬರೋಕೆ ಏನಾದ್ರೂ ಕೆಲಸ ಬೇಕಲ್ಲ ಅಂತ ಹುಡುಕ್ತಾ ಇದ್ದೆ. ಈ ಶೆಡ್ಡಲ್ಲಿ ನನಗೆ ಒಂದು ಕೆಲಸಾನೂ ಇಲ್ಲ ರೀ. ಹಾಗೇ ಬಂದೆ."

ಅವಳು ಸ್ಟೂಲಿನ ಮೇಲಿದ್ದ ಚಾದರಗಳನ್ನು ಎತ್ತಿ ಪಕ್ಕಕ್ಕಿಟ್ಟಳು. ಅವನು ತನ್ನ ಎತ್ತರವನ್ನೆಲ್ಲ ಮಡಚಿಕೊಂಡು ಕೂತ. ಒಂದು ಪೆಟ್ಟಿಗೆ ಬರಿದಾಗುವಷ್ಟು ಹೊತ್ತು ಮಾತಾಡಿ ಅಭ್ಯಾಸ. ಹೊರಡುವ ಅವಸರವಿಲ್ಲದೆ ಮಾತಾಡುವುದು ಹೇಗೆಂದು ಇಬ್ಬರಿಗೂ ತಿಳಿಯದು. ಅಂಗಳದಲ್ಲಿ ಲಾರಿಯೊಂದು ಹಿಂದೆ ಹಿಂದೆ ಸರಿದು ನಿಂತಿತು.

"ನನಗೆ ಮುಂಚೆ ಒಂದು ಮದುವೆ ಆಗಿತ್ತು," ಅಂದಳು ಅವಳು ಕೊನೆಗೆ. ಈ ಊರಿನಲ್ಲಿ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವನು ಸ್ಟೂಲನ್ನು ಸ್ವಲ್ಪ ಹತ್ತಿರ ಎಳೆದುಕೊಂಡ.

"ಹೇಳಿ," ಅಂದ.